ಶಿವರಾತ್ರಿ ಕಳೆದ ಮೇಲೆ ಆ ರಗ್ಗು ಎಲ್ಲಿರುತ್ತದೆ?

ಡಿಸೆಂಬರ್ ಮೂರನೇ ವಾರ ಬಂತೆಂದರೆ ಬಸ್ ನಿಲ್ದಾಣ, ಮಾರುಕಟ್ಟೆ, ದೊಡ್ಡಾಸ್ಪತ್ರೆಯ ಕಾಂಪೌಂಡ್ ಇರುವ ಕಡೆಯೆಲ್ಲ ರಾತ್ರಿ ಹತ್ತರ ಮೇಲೆ ಕಾರುಗಳು ಬಂದು ನಿಲ್ಲುತ್ತವೆ. ಡಿಕ್ಕಿ ತೆರೆಯುತ್ತದೆ, ರಗ್ಗುಗಳು ಹೊರಬರುತ್ತವೆ, ಒಬ್ಬರು ಮೊಬೈಲ್ ಹಿಡಿದಿರುತ್ತಾರೆ. ಹೊಸ ವರ್ಷದ ಹೊತ್ತಿಗೆ ಒಂದೇ ಫುಟ್‌ಪಾತಿಗೆ ಮೂರು ತಂಡ ಬಂದುಹೋಗಿರುತ್ತದೆ. ಎರಡು ಬೀದಿ ಆಚೆ ಒಬ್ಬರೂ ಹೋಗಿರುವುದಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಿದ ಮೇಲೆ ಈ ಓಡಾಟವೂ ನಿಂತಿತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ರಗ್ಗೂ ಅದರ ಹಿಂದೆಯೇ ಹೋಗುತ್ತದೆ. ಮುಂದಿನ ಡಿಸೆಂಬರಿಗೆ ಅದೇ ಜಾಗ, ಬಹುಪಾಲು ಅದೇ ಜನ, ಮತ್ತೆ ಹೊಸ ರಗ್ಗು.

ಕೊಡುವವರ ಮನಸ್ಸಿನ ಮೇಲೆ ಏನೂ ತಕರಾರಿಲ್ಲ. ತಕರಾರಿರುವುದು ಕ್ಯಾಲೆಂಡರಿನ ಮೇಲೆ. ಚಳಿಗೆ ಮಾಡುವ ಉಪಕಾರದಲ್ಲಿ ಮುಕ್ಕಾಲು ಪಾಲು ಕೆಲಸ ಚಳಿ ಇಲ್ಲದ ತಿಂಗಳುಗಳದು. ಅದನ್ನು ಹತ್ತು ರಾತ್ರಿಗೆ ತುರುಕಿದ್ದರಿಂದಲೇ ಅಷ್ಟೊಂದು ದುಡ್ಡು ಪೋಲಾಗುವುದು.

ಕೊಟ್ಟ ರಗ್ಗು ಎಲ್ಲಿ ಹೋಗುತ್ತದೆ ಎಂಬುದು ಗುಟ್ಟೇನಲ್ಲ. ಬೀದಿಯಲ್ಲಿ ಮಲಗುವವರಿಗೆ ರಾತ್ರಿಯಷ್ಟೇ ಹಗಲೂ ಕಷ್ಟ. ಬೆಳಿಗ್ಗೆ ಐದಕ್ಕೆ ಅಂಗಡಿಯವರು ಬಾಗಿಲ ಮುಂದೆ ನೀರು ಹಾಕುತ್ತಾರೆ, ಎದ್ದು ಹೋಗಬೇಕು. ಹಮಾಲಿಗೋ, ಚಿಂದಿ ಆಯಲಿಕ್ಕೋ ಹೋಗುವವರು ಎರಡು ಕೆಜಿ ರಗ್ಗನ್ನು ಹೊತ್ತು ತಿರುಗಲಾಗದು. ಗೋಡೆ ಸಂದಿಗೆ, ಮರದ ಕವಲಿಗೆ, ಮೋರಿಯ ಚಪ್ಪಡಿ ಕೆಳಗೆ ಸಿಕ್ಕಿಸಿಟ್ಟು ಹೋದರೆ ಸಂಜೆಗೆ ಯಾರೋ ಒಯ್ದಿರುತ್ತಾರೆ, ಇಲ್ಲವೇ ಕಸದ ಲಾರಿ ಎತ್ತಿಕೊಂಡು ಹೋಗಿರುತ್ತದೆ. ಕೆಲವರು ಮಾರುತ್ತಾರೆ. ಅದನ್ನು ಕೇಳಿ ಕೊಟ್ಟವರಿಗೆ ಸಿಟ್ಟು ಬರುತ್ತದೆ. ಆದರೆ ಕೈಯಲ್ಲಿ ಮೂರು ರಗ್ಗಿದ್ದು ಹೊಟ್ಟೆಗೆ ಇಲ್ಲದವರು ಎರಡು ಮಾರಿಕೊಂಡರೆ ಅದು ಲೆಕ್ಕ ಗೊತ್ತಿರುವವರ ಕೆಲಸವೇ. ಒಂದೇ ಕಡೆ ಮೂರು ಕೊಟ್ಟವರು ನಾವು.

ಹೀಗಾಗಿ ರಗ್ಗಿಗಿಂತ ಮೊದಲು ಯೋಚಿಸಬೇಕಾದದ್ದು ಚೀಲ. ಅಕ್ಕಿಯ 25 ಕೆಜಿಯ ಖಾಲಿ ಪ್ಲಾಸ್ಟಿಕ್ ಚೀಲ ಒಳ್ಳೆಯ ಅಳತೆ. ಬಾಯಿಗೆ ಜಿಪ್, ಎರಡು ಬದಿಗೆ ಹೆಗಲಿಗೆ ಹಾಕಿಕೊಳ್ಳುವಂತೆ ದಪ್ಪ ಟೇಪಿನ ಪಟ್ಟಿ. ಬೀದಿ ಬದಿ ಬ್ಯಾಗ್ ರಿಪೇರಿ ಮಾಡುವವರು ಇಪ್ಪತ್ತೈದು ಮೂವತ್ತು ಚೀಲವನ್ನು ಒಟ್ಟಿಗೆ ಕೊಟ್ಟರೆ ಸಂತೋಷವಾಗಿ ಹೊಲಿದುಕೊಡುತ್ತಾರೆ. ಪಟ್ಟಿಯನ್ನು ಚೀಲದ ಮೇಲ್ತುದಿಗೆ ಮಾತ್ರ ಹೊಲಿದರೆ ನೇಯ್ಗೆ ಹರಿದು ಒಂದೇ ತಿಂಗಳಲ್ಲಿ ಕಿತ್ತುಬರುತ್ತದೆ. ತಳದವರೆಗೆ ಇಳಿಸಿ, ತಳದ ಕೆಳಗಿನಿಂದ ಹಾಯಿಸಿ ಇನ್ನೊಂದು ಬದಿಗೆ ತರಬೇಕು. ಹೊರಗಡೆ ಆರಿಂಚು ಬೆಳಕಿಗೆ ಹೊಳೆಯುವ ಟೇಪು ಅಂಟಿಸಿ ಹೊಲಿದರೆ, ರಸ್ತೆ ಅಂಚಿನಲ್ಲಿ ತಲೆದಿಂಬಾಗಿ ಇಟ್ಟುಕೊಂಡಾಗ ಲಾರಿಯ ದೀಪಕ್ಕೆ ಕಾಣುತ್ತದೆ.

ಇನ್ನು ಚಳಿಯ ವಿಷಯ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸು; ದಾಖಲಾದ ಅತಿ ಕಡಿಮೆ 7.8 ಡಿಗ್ರಿ, 1884ರ ಜನವರಿ 13ರಂದು. ಬೀದರ, ವಿಜಯಪುರದ ಕಡೆ ಚಳಿ ಬಿಗಿಯಾದಾಗ 10ಕ್ಕಿಂತ ಕೆಳಗೆ ಇಳಿಯುವುದುಂಟು. ಇದೆಲ್ಲ ನೆಲದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ, ನೆರಳಿನ ಪೆಟ್ಟಿಗೆಯೊಳಗೆ ಅಳೆದ ಗಾಳಿಯ ಲೆಕ್ಕ. ಮಲಗಿದವನ ಮೈ ತಾಗುವುದು ಕಲ್ಲುಚಪ್ಪಡಿಗೆ. ಹೊದಿಕೆ ಬೆಚ್ಚಗಿಡುವುದು ಅದರ ಎಳೆಗಳ ನಡುವೆ ನಿಂತ ಗಾಳಿಯಿಂದ. ಮೈಭಾರಕ್ಕೆ ಅದು ಅಪ್ಪಚ್ಚಿಯಾದರೆ ಆ ಗಾಳಿಯೂ ಇಲ್ಲ, ಬಿಸಿಯೂ ಇಲ್ಲ. ಮೇಲೆ ಎರಡು ರಗ್ಗು ಹೊದ್ದು ಕೆಳಗೆ ಬರೀ ಸಿಮೆಂಟ್ ಇದ್ದರೆ ನಡುಕ ನಿಲ್ಲುವುದಿಲ್ಲ. ಮೇಲೊಂದು ರಗ್ಗು, ಕೆಳಗೆ ಎರಡು ಪದರ ರಟ್ಟು ಅಥವಾ ಅರ್ಧ ಇಂಚಿನ ಫೋಮ್ ಶೀಟ್ ಇದ್ದರೆ ನಿದ್ದೆ ಬರುತ್ತದೆ. ಫ್ರಿಜ್, ವಾಷಿಂಗ್ ಮಷಿನ್ ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದರೆ ಒಬ್ಬರು ಮಲಗುವಷ್ಟಾಗುತ್ತದೆ. ರಟ್ಟಿನ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಬೇಕೇ ಬೇಕು. ನೆಲದ ತೇವ ಹೀರಿದ ರಟ್ಟು ಎರಡೇ ರಾತ್ರಿಗೆ ಮೆತ್ತಗಾಗುತ್ತದೆ.

ಪ್ಲಾಸ್ಟಿಕ್ ಕೆಳಗೆ ಇರಬೇಕು, ಇಲ್ಲವೇ ಮೇಲೆ ಇಳಿಜಾರಾಗಿ ಕಟ್ಟಿರಬೇಕು. ಮೈಗೆ ಸುತ್ತಿಕೊಳ್ಳಬಾರದು. ಸುತ್ತಿಕೊಂಡರೆ ಮೈಯಿಂದ ಬಂದ ಹಬೆ ಒಳಗೇ ನೀರಾಗಿ, ಬೆಳಗಿನ ಜಾವಕ್ಕೆ ರಗ್ಗೇ ಒದ್ದೆ. ತೆರೆದ ಮೈದಾನಕ್ಕಿಂತ ಮರದಡಿ, ಅಂಗಡಿಯ ಶೀಟಿನ ಕೆಳಗೆ ಬೆಚ್ಚಗಿರುವುದಕ್ಕೂ ಕಾರಣವಿದೆ: ಮೋಡವಿಲ್ಲದ ರಾತ್ರಿ ನೆಲದ ಮತ್ತು ಮೈಯ ಬಿಸಿ ನೇರ ಆಕಾಶಕ್ಕೆ ಹೋಗುತ್ತದೆ, ತಲೆಯ ಮೇಲೆ ಏನಾದರೂ ಇದ್ದರೆ ಅಷ್ಟು ಹೋಗದು. ಅತಿ ಹೆಚ್ಚು ಚಳಿ ರಾತ್ರಿ ಹತ್ತಕ್ಕಲ್ಲ, ಸೂರ್ಯ ಹುಟ್ಟುವ ಹೊತ್ತಿಗೆ. ಹತ್ತು ಗಂಟೆಗೆ ಹೋಗಿ ‘ಇವರಿಗೆ ಇಷ್ಟು ಸಾಕು’ ಎಂದು ಅಂದಾಜು ಮಾಡುವವರು ಒಮ್ಮೆ ಐದೂವರೆಗೆ ಅದೇ ಬೀದಿಗೆ ಹೋಗಿ ನೋಡಬೇಕು.

ಯಾವ ಹೊದಿಕೆ ಕೊಳ್ಳಬೇಕು? ಸಗಟಿನಲ್ಲಿ ಅಗ್ಗಕ್ಕೆ ಸಿಗುವ ರಗ್ಗುಗಳಲ್ಲಿ ಹೆಚ್ಚಿನವು ಹಳೆಯ ಉಣ್ಣೆಬಟ್ಟೆಯನ್ನು ಕಿತ್ತು ಮತ್ತೆ ನೂತು ನೇಯ್ದವು. ಪಾಣಿಪತ್ ಈ ಉದ್ಯಮಕ್ಕೆ ಹೆಸರುವಾಸಿ. ಬೆಚ್ಚಗೇನೋ ಇರುತ್ತವೆ, ಆದರೆ ಎಳೆ ಗಿಡ್ಡ. ಕೊಳ್ಳುವ ಮುನ್ನ ಅಂಗೈಯಿಂದ ಹತ್ತು ಸಲ ಗಟ್ಟಿಯಾಗಿ ಉಜ್ಜಿ ನೋಡಿ. ಕೈತುಂಬ ನಾರು ಬಂದರೆ ಎರಡನೇ ಒಗೆತಕ್ಕೆ ಅದು ಬಲೆಯಾಗುತ್ತದೆ. ಉಬ್ಬಸ ಇರುವವರಿಗಂತೂ ಅದು ಬೇಡವೇ ಬೇಡ. ಉದ್ದ ಏಳೂವರೆ ಅಡಿ, ಅಗಲ ಐದಡಿ ಇರಲಿ. ದರ ಇಳಿಸಲು ಆರಡಿಯದು ಕೊಟ್ಟರೆ ತಲೆ ಮುಚ್ಚಿದಾಗ ಕಾಲು ಹೊರಗೆ. ಫ್ಲೀಸ್ (ಪಾಲಿಯೆಸ್ಟರಿನ ಮೆತ್ತನೆಯ ಹೊದಿಕೆ) ಹಗುರ, ಬೇಗ ಒಣಗುತ್ತದೆ, ಹೊರುವವರಿಗೆ ಅನುಕೂಲ. ಆದರೆ ಗಾಳಿ ತಡೆಯುವುದಿಲ್ಲ, ಮತ್ತು ಬೆಂಕಿಯ ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿ ಕಾಯಿಸುತ್ತ ಕೂರುವ ಜಾಗದವರಿಗೆ ಕೊಡಬಾರದು. ನೋಡಲು ಭರ್ಜರಿಯಾದ ಮಿಂಕ್ ಬ್ಲಾಂಕೆಟ್ ಮನೆಯೊಳಗಿನವರಿಗೆ ಸರಿ, ಬೀದಿಗೆ ಅಲ್ಲ. ಒಮ್ಮೆ ನೆಂದರೆ ಎರಡು ದಿನದ ಬಿಸಿಲು ಬೇಕು.

ಕುರುಬರ ಕರಿಕಂಬಳಿಯ ಮಾತೇ ಬೇರೆ. ಚಳ್ಳಕೆರೆಯಂಥ ಕಡೆ ನೇಯುವ ಈ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಬಿಗಿಯಾಗಿ ನಿಲ್ಲುತ್ತದೆ, ಸಣ್ಣ ಮಳೆಯನ್ನೂ ತಡೆಯುತ್ತದೆ. ಹೊಸದರಲ್ಲಿ ಮೈಗೆ ಚುಚ್ಚುತ್ತದೆ, ಒಳಗೊಂದು ಹಳೆ ಸೀರೆ ಹಾಕಿಕೊಂಡರೆ ಆಯಿತು. ಪದೇಪದೇ ಒಗೆಯುವಂತಿಲ್ಲ, ಬಿಸಿಲಿಗೆ ಹಾಕಿ ಕೊಡವಿದರೆ ಸಾಕು. ಆದರೆ ಬೆಲೆ ರಗ್ಗಿನ ಹಲವು ಪಟ್ಟು. ಆ ಬೆಲೆಯ ವಸ್ತು ಫುಟ್‌ಪಾತಿನಲ್ಲಿ ಎರಡು ರಾತ್ರಿ ಉಳಿಯದು. ರಾತ್ರಿ ಕಾವಲಿನವರಿಗೆ, ಹೊಲ-ತೋಟ ಕಾಯುವವರಿಗೆ ಅದು ಸರಿಯಾದ ಕೊಡುಗೆ. ಗುಡಿಸಲಿನ ಸಂಸಾರಗಳಿಗೆ ನಮ್ಮ ಆಯ್ಕೆ ಕೌದಿ. ಹಳೆ ಸೀರೆ-ಧೋತರಗಳನ್ನು ನಾಲ್ಕೈದು ಪದರ ಸೇರಿಸಿ ಕೈಹೊಲಿಗೆ ಹಾಕಿದ್ದು ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ. ಬೇಸಿಗೆಯಲ್ಲಿ ಸೀರೆ ಕೂಡಿಸಿ ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಕೊಟ್ಟರೆ ಕೂಲಿಯೂ ಅವರ ಕೈಸೇರುತ್ತದೆ. ನೈಲಾನ್ ಸೀರೆಗಳನ್ನು ಬೇರೆ ಮಾಡಿ, ಹತ್ತಿಯವನ್ನು ಮಾತ್ರ ಕೊಡಿ. ನಡುವೆ ಒಂದು ಪದರ ನೈಲಾನ್ ಸೇರಿದರೂ ಹೊಲಿಗೆ ಜಾರುತ್ತದೆ, ಬೆವರು ಹೀರುವುದಿಲ್ಲ.

ಒಬ್ಬರ ಚೀಲಕ್ಕೆ ಇಷ್ಟಾದರೆ ಸಾಕು: ಒಂದು ಹೊದಿಕೆ, ಒಂದು ಪ್ಲಾಸ್ಟಿಕ್ ಹಾಳೆ, ಕಿವಿ ಮುಚ್ಚುವ ಟೋಪಿ, ಎರಡು ಜೊತೆ ಕಾಲುಚೀಲ (ಒಂದು ಒದ್ದೆಯಾದರೆ ಇನ್ನೊಂದು), ಒಡೆದ ಹಿಮ್ಮಡಿಗೆ ವ್ಯಾಸಲೀನ್ ಡಬ್ಬಿ. ಹೆಂಗಸರಿಗಾದರೆ ಪ್ಯಾಡು, ಒಂದು ಒಳಬಟ್ಟೆ. ಸ್ವೆಟರು ಕೊಡುವುದಾದರೆ ಮುಂದೆ ಗುಂಡಿ ಇರುವುದನ್ನೇ ಆರಿಸಿ. ವಯಸ್ಸಾದವರಿಗೆ ಕೈ ಎತ್ತಿ ತಲೆಯಿಂದ ಹಾಕಿಕೊಳ್ಳುವುದು ಆಗುವುದಿಲ್ಲ.

ಕೊಡುವ ಕ್ರಮದಲ್ಲೇ ಅರ್ಧ ಎಡವಟ್ಟಾಗುವುದು. ಗಾಡಿ ನಿಲ್ಲಿಸಿ ಕೂಗಿದರೆ ಗಟ್ಟಿಮುಟ್ಟಾದವರು ಮೊದಲು ಬರುತ್ತಾರೆ. ಕಾಲು ಸ್ವಾಧೀನವಿಲ್ಲದವರು, ಮಗು ಕಟ್ಟಿಕೊಂಡ ಹೆಂಗಸರು, ಬುದ್ಧಿ ಸ್ಥಿಮಿತವಿಲ್ಲದವರು ದೂರದಲ್ಲೇ ಉಳಿಯುತ್ತಾರೆ. ನವೆಂಬರಿನಲ್ಲೇ ಎರಡು ಸಂಜೆ, ಎಂಟರಿಂದ ಒಂಬತ್ತರ ನಡುವೆ, ಬರಿಗೈಯಲ್ಲಿ ಹೋಗಿ ಮಾತಾಡಿಸಿ. ‘ಅಜ್ಜಾ, ರಾತ್ರಿ ಎಲ್ಲಿ ಮಲಗ್ತೀರಿ? ಹಗಲು ಗಂಟು ಎಲ್ಲಿ ಇಡ್ತೀರಿ? ಹೋದ ವರ್ಷದ್ದು ಏನಾಯ್ತು?’ ಈ ಮೂರು ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಪಟ್ಟಿ ತಯಾರಾಗುತ್ತದೆ. ಬಹುವಚನದಲ್ಲೇ ಮಾತಾಡಿಸಿ, ಬೀದಿಯವರೆಂದರೆ ‘ಏ ಬಾರೋ’ ಅನ್ನುವ ಚಾಳಿ ನಮ್ಮಲ್ಲಿ ಬಲವಾಗಿದೆ. ಎಷ್ಟೋ ಜನ ರಗ್ಗು ಬೇಡ, ಚಪ್ಪಲಿ ಬೇಕು ಅನ್ನುತ್ತಾರೆ. ಹಾಗಾದರೆ ಚಪ್ಪಲಿಯೇ.

ಮಲಗಿದವರ ಮೇಲೆ ಮೆಲ್ಲಗೆ ಹೊದಿಸಿ ಹೋಗುವುದು ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಕತ್ತಲಲ್ಲಿ ಮೈಮೇಲೆ ಯಾರೋ ಬಗ್ಗಿದರೆ ಬೀದಿಯಲ್ಲಿ ಮಲಗುವ ಹೆಂಗಸು ಕಿರುಚಿಕೊಳ್ಳದೆ ಏನು ಮಾಡಿಯಾಳು? ಎಚ್ಚರವಿಲ್ಲದವರ ಮೇಲಿನ ಹೊಸ ಹೊದಿಕೆಯನ್ನು ಎಳೆದುಕೊಂಡು ಹೋಗುವುದೂ ಸುಲಭ. ಎಚ್ಚರವಿದ್ದಾಗ ಕೈಗೆ ಕೊಡಬೇಕು. ಫೋಟೋ ಬೇಕಿದ್ದರೆ ಚೀಲಗಳದನ್ನು ತೆಗೆದುಕೊಳ್ಳಿ.

ನಮ್ಮ ದಕ್ಷಿಣದ ಊರುಗಳಲ್ಲಿ ಒಣಚಳಿಗಿಂತ ಹೆಚ್ಚು ಕಾಡುವುದು ನವೆಂಬರ್-ಡಿಸೆಂಬರಿನ ಸೈಕ್ಲೋನ್ ಮಳೆ. ಎರಡು ದಿನ ಜಡಿಮಳೆ, ಹದಿನೆಂಟು ಡಿಗ್ರಿ, ಮೈಮೇಲಿನ ಬಟ್ಟೆ ಒದ್ದೆ. ಇದು ಜನವರಿಯ ಹನ್ನೆರಡು ಡಿಗ್ರಿಗಿಂತ ಅಪಾಯ, ಏಕೆಂದರೆ ಒದ್ದೆ ಬಟ್ಟೆ ಒಣಬಟ್ಟೆಗಿಂತ ಎಷ್ಟೋ ಬೇಗ ಮೈಬಿಸಿ ಎಳೆಯುತ್ತದೆ. ಆ ದಿನಗಳಲ್ಲಿ ಹೊಸ ರಗ್ಗು ಹಂಚಿದರೆ ಅದೂ ನೆನೆಯುತ್ತದೆ. ಬೇಕಾದದ್ದು ಒಣಗಿದ ಅಂಗಿ, ಲುಂಗಿ, ಟವೆಲ್, ಮೇಲೆ ಕಟ್ಟಲು ಒಂದು ತಾಡಪಾಲು.

ಮೈಬಿಸಿ 35 ಡಿಗ್ರಿಗಿಂತ ಕೆಳಗಿಳಿದವರನ್ನು ಗುರುತಿಸಲು ಕಲಿತಿರಬೇಕು. ಮೊದಲು ನಡುಕ, ಆಮೇಲೆ ತೊದಲು ಮಾತು, ತಟ್ಟಾಡುವ ನಡಿಗೆ, ಮಂಪರು. ನೋಡಿದವರು ‘ಕುಡಿದಿದ್ದಾನೆ ಬಿಡು’ ಎಂದು ಹೋಗುತ್ತಾರೆ. ಕುಡಿದಿದ್ದರೂ ಇರಬಹುದು, ಆಗ ಅಪಾಯ ಇನ್ನೂ ಹೆಚ್ಚು: ಹೆಂಡ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆಚ್ಚಗೆನಿಸುತ್ತದೆ, ಒಳಗಿನ ಬಿಸಿ ಹೊರಗೆ ಸೋರುತ್ತದೆ. ನಡುಗುತ್ತಿದ್ದವರು ಬೆಚ್ಚಗಾಗದೆಯೇ ನಡುಗುವುದನ್ನು ನಿಲ್ಲಿಸಿದರೆ ಅದು ಕೆಟ್ಟ ಸೂಚನೆ. ಕೂಡಲೇ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೆ ಒದ್ದೆ ಬಟ್ಟೆ ತೆಗೆದು, ಮೈ ಒರೆಸಿ, ಎದೆ-ಹೊಟ್ಟೆ-ತಲೆ ಮೊದಲು ಮುಚ್ಚಿ, ಕೆಳಗೂ ಏನಾದರೂ ಹಾಸಿ. ಪೂರ್ತಿ ಎಚ್ಚರವಿದ್ದು ನುಂಗಲು ಆಗುವವರಿಗಷ್ಟೇ ಬೆಚ್ಚಗಿನ ಸಿಹಿ ಚಹಾ. ಕೈಕಾಲು ತಿಕ್ಕಬಾರದು, ಬಿಸಿನೀರು ಸುರಿಯಬಾರದು, ಬೆಂಕಿಯ ಪಕ್ಕಕ್ಕೆ ಎಳೆದು ಮಲಗಿಸಲೂಬಾರದು.

ಬೆಂಕಿ ಎಂದಾಗ ವಾಚ್‌ಮನ್ ಕ್ಯಾಬಿನ್ ನೆನಪಾಗುತ್ತದೆ. ನಾಲ್ಕಡಿ ಚೌಕದ ಪೆಟ್ಟಿಗೆ, ಬಾಗಿಲು ಮುಚ್ಚಿ ಒಳಗೆ ಇದ್ದಿಲ ಅಗ್ಗಿಷ್ಟಿಕೆ. ಹೊಗೆ ಇಲ್ಲದ ಕೆಂಡವೆಂದು ಧೈರ್ಯ. ಆ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಜೋಂಪು, ಆಮೇಲೆ ಎಚ್ಚರವೇ ಆಗದು. ಕಿಟಕಿಯಿಲ್ಲದ ಬಚ್ಚಲುಮನೆಯ ಗ್ಯಾಸ್ ಗೀಸರಿನಿಂದಲೂ ಇದೇ ಅಪಾಯ. ಕ್ಯಾಬಿನ್ನಿಗೆ ಬೇಕಾದದ್ದು ಬೇರೆ: ಬಾಗಿಲ ಕೆಳಸಂದಿಗೆ ರಬ್ಬರ್ ಪಟ್ಟಿ, ಕಾಲಿಡಲು ಒಂದು ಹಲಗೆ, ಪ್ಲಾಸ್ಟಿಕ್ ಕುರ್ಚಿಗೆ ದಿಂಬು, ಒಂದು ಲೀಟರಿನ ಫ್ಲಾಸ್ಕ್. ಅಪಾರ್ಟ್‌ಮೆಂಟಿನ ಸಂಘದವರು ಮನೆಗೆ ಇಪ್ಪತ್ತು ರೂಪಾಯಿ ಹಾಕಿದರೆ ಮುಗಿಯುವ ಕೆಲಸ. ಫ್ಲಾಸ್ಕ್ ತುಂಬಿಸುವ ಪಾಳಿ ಬರೆದಿಡದೇ ಇದ್ದರೆ ಮಾತ್ರ ಮೂರನೇ ದಿನಕ್ಕೆ ಅದು ಖಾಲಿ.

ಬೆಳಗಿನ ಜಾವಕ್ಕೇ ಕೆಲಸಕ್ಕೆ ಇಳಿಯುವ ಪೌರಕಾರ್ಮಿಕರಿಗೆ ಮಾಗಿಯಲ್ಲಿ ಎಲೆ ಉದುರುವುದರಿಂದ ಗುಡಿಸುವ ಹೊರೆಯೇ ಹೆಚ್ಚು. ಅವರಿಗೆ ಹಬ್ಬದ ದಿನದ ಶಾಲಿಗಿಂತ ವರ್ಷಪೂರ್ತಿ ನೆರವಾಗುವುದು ಬೇರ್ಪಡಿಸಿಟ್ಟ ಕಸ, ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿದ ಪ್ಯಾಡು-ಡೈಪರು, ಗೇಟಿನ ಒಳಗೆ ಬಳಸಲು ಬಿಡುವ ಒಂದು ಶೌಚಾಲಯ.

ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಕಡಿಯುವ ಗ್ಯಾಂಗುಗಳು ದೀಪಾವಳಿಯ ಹೊತ್ತಿಗೆ ಬಂದು ಫ್ಯಾಕ್ಟರಿ ನಿಲ್ಲುವವರೆಗೂ ಹೊಲದ ಬದುವಿನಲ್ಲೇ ಗುಡಿಸಲು ಹಾಕಿಕೊಂಡಿರುತ್ತವೆ. ಅವರಿಗೆ ಹಾಸಲು ರವದಿ (ಕಬ್ಬಿನ ಒಣಗರಿ) ಬೇಕಾದಷ್ಟಿದೆ, ಒಣಗಿದ್ದರೆ ಅದಕ್ಕಿಂತ ಬೆಚ್ಚನೆಯ ಹಾಸು ಇಲ್ಲ. ಇಲ್ಲದಿರುವುದು ರವದಿ ಮೇಲೆ ಹಾಸುವ ತಾಡಪಾಲು, ರಾತ್ರಿ ಹಾವು-ಚೇಳು ನೋಡಲು ಚಾರ್ಜಿನ ಲೈಟು, ಅಪ್ಪ-ಅಮ್ಮ ನಸುಕಿನಲ್ಲೇ ಹೊಲಕ್ಕೆ ಇಳಿದಾಗ ಕೂಸುಗಳನ್ನು ನೋಡಿಕೊಳ್ಳುವವರು. ಹೊಲದ ಮಾಲೀಕರು ಪಂಪ್‌ಸೆಟ್ಟಿನ ಕರೆಂಟಿನಿಂದ ಒಂದು ಬಲ್ಬು ಎಳೆದುಕೊಟ್ಟರೂ ದೊಡ್ಡದು.

ಊಟದಲ್ಲಿ ಒಂದು ವಿಚಿತ್ರವಿದೆ. ಕಲ್ಯಾಣ ಮಂಟಪದಲ್ಲಿ ಉಳಿದ ಅನ್ನ-ಸಾಂಬಾರನ್ನು ಒಯ್ದು ಹಂಚುವವರು ಈಗ ಊರೂರಲ್ಲಿದ್ದಾರೆ. ಆದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆಗಳಿಲ್ಲ. ಚಳಿ ಬಿಗಿಯಾದ ತಿಂಗಳಲ್ಲೇ ಪಾತ್ರೆ ಖಾಲಿ. ಈ ತಿಂಗಳಿಗೆ ಬೇರೆ ಏರ್ಪಾಡು ಮೊದಲೇ ಆಗಿರಬೇಕು. ಒಳ್ಳೆಯ ದಾರಿಯೂ ಧನುರ್ಮಾಸದಲ್ಲೇ ಇದೆ: ದೇವಸ್ಥಾನಗಳಲ್ಲಿ ನಸುಕಿಗೇ ಪೂಜೆ, ಬಿಸಿಬಿಸಿ ಹುಗ್ಗಿ. ಅತಿ ಚಳಿಯ ಗಳಿಗೆಗೆ ಸರಿಯಾಗಿ ತುಪ್ಪ-ಮೆಣಸು ಹಾಕಿದ ಹೆಸರುಬೇಳೆಯ ಊಟ. ಮಾಮೂಲಿಗಿಂತ ಹತ್ತು ಸೇರು ಹೆಚ್ಚು ಬೇಯಿಸಲು ದುಡ್ಡು ಕಟ್ಟಿ, ಒಂದು ಮುಚ್ಚಳದ ಪಾತ್ರೆಯಲ್ಲಿ ಆಸ್ಪತ್ರೆಯ ಮುಂದಿನವರಿಗೆ ತಲುಪಿಸಲು ಒಬ್ಬರನ್ನು ಗೊತ್ತು ಮಾಡಿದರೆ ಮುಗಿಯಿತು. ಇಂದಿರಾ ಕ್ಯಾಂಟೀನ್ 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ಇಟ್ಟಿದ್ದರು. ಮುನ್ನೂರರ ರಗ್ಗನ್ನು ಎರಡನೇ ಸಲ ಅದೇ ಮನುಷ್ಯನಿಗೆ ಕೊಡುವ ಮುನ್ನ ಈ ಲೆಕ್ಕ ಹಾಕಿನೋಡಬಹುದು.

ಇನ್ನು ಮಾರ್ಚ್. ಯಾರೂ ಬರದ ತಿಂಗಳು, ಅತಿ ಮುಖ್ಯವಾದ ತಿಂಗಳು. ಕೊಡುವಾಗಲೇ ಹೊದಿಕೆಯ ಮೂಲೆಗೆ ಬಟ್ಟೆಯ ಚೂರು ಹೊಲಿದು ಮಾರ್ಕರಿನಲ್ಲಿ ನಂಬರ್ ಬರೆದಿದ್ದರೆ, ಶಿವರಾತ್ರಿ ಆದ ಮೇಲೆ ಹೋಗಿ ‘ಒಗೆದು ಇಟ್ಟಿರ್ತೀವಿ, ಕಾರ್ತಿಕದಲ್ಲಿ ನಿಮ್ಮದೇ ವಾಪಸ್’ ಅನ್ನಬಹುದು. ನಂಬಿಕೆ ಬರಲು ಒಂದು ವರ್ಷ ಹಿಡಿಯುತ್ತದೆ. ಮೊದಲ ಸಲ ಅರ್ಧಕ್ಕರ್ಧ ಜನ ಕೊಡುವುದಿಲ್ಲ, ಒತ್ತಾಯ ಮಾಡಬಾರದು. ವಾಪಸ್ ಬಂದವನ್ನು ತಕ್ಷಣ ರಾಶಿ ಹಾಕಬೇಡಿ. ಕಜ್ಜಿಯ ಹುಳ ಮೈಯಿಂದ ಹೊರಗೆ ಎರಡು-ಮೂರು ದಿನಕ್ಕಿಂತ ಹೆಚ್ಚು ಸಾಮಾನ್ಯವಾಗಿ ಬದುಕದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟು, ಆಮೇಲೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆದು, ಮಾರ್ಚಿನ ಬಿಸಿಲಲ್ಲಿ ಎರಡೂ ಮಗ್ಗುಲು ಒಣಗಿಸಿ. ಮೈಗೆ ಕಜ್ಜಿ ಇರುವವರಿಗೆ ಒಗೆದ ರಗ್ಗು ಕೊಟ್ಟರೆ ಮಾತ್ರ ಪ್ರಯೋಜನವಿಲ್ಲ. ವೈದ್ಯರು ಕೊಡುವ ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಕಾಲ್ಬೆರಳವರೆಗೆ ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ವಾರ ಬಿಟ್ಟು ಮತ್ತೊಮ್ಮೆ. ಜೊತೆಗೆ ಮಲಗುವವರೆಲ್ಲ ಅದೇ ರಾತ್ರಿ ಹಚ್ಚಬೇಕು. ಒಬ್ಬರು ಬಿಟ್ಟರೂ ಎಲ್ಲರಿಗೂ ತುರಿಕೆ ವಾಪಸ್.

ಒಣಗಿದ ಮೇಲೆ ನೆಲದಿಂದ ಒಂದಡಿ ಎತ್ತರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ನಡುನಡುವೆ ಒಣ ಬೇವಿನಸೊಪ್ಪು. ಜೂನ್-ಜುಲೈನಲ್ಲಿ ಒಮ್ಮೆ ತೆಗೆದು ನೋಡದಿದ್ದರೆ ಬೂಷ್ಟು ಖಂಡಿತ. ಉತ್ತರ ಕರ್ನಾಟಕದಲ್ಲಿ ಮಾನವಮಿಗೆ (ಮಹಾನವಮಿಗೆ) ಮುಂಚೆ, ಸೆಪ್ಟೆಂಬರಿನ ಹೊತ್ತಿಗೆ, ಮನೆಯ ಹಾಸಿಗೆ-ಹೊದಿಕೆಯೆಲ್ಲ ಹಳ್ಳಕ್ಕೋ ಕೆರೆಗೋ ಒಯ್ದು ಒಗೆಯುವ ರೂಢಿ ಇದೆ. ಯಾವ ಮನೆಯಲ್ಲಿ ಯಾವ ಕೌದಿ ಹೆಚ್ಚಾಗಿದೆ ಎಂದು ಗೊತ್ತಾಗುವುದು ಆಗಲೇ. ಹಳೆ ಹೊದಿಕೆ ಕೇಳಲು ಅದೇ ಸರಿಯಾದ ವಾರ, ಒಗೆದದ್ದೇ ಸಿಗುತ್ತದೆ.

ಅದೇ ಸೆಪ್ಟೆಂಬರಿನಲ್ಲಿ ಮಾಡಬೇಕಾದ ಇನ್ನೊಂದು ಕೆಲಸ ನಗರಸಭೆಗೆ ಹೋಗಿ ಕೇಳುವುದು. ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಮಂದಿಗೆ ಸಾಲುವ, ಒಬ್ಬರಿಗೆ 50 ಚದರಡಿಯಂತೆ, ಇಡೀ ವರ್ಷ ಹಗಲು-ರಾತ್ರಿ ತೆರೆದಿರುವ ವಸತಿ ಇರಬೇಕೆಂದು ಕೇಂದ್ರದ ನಗರ ಜೀವನೋಪಾಯ ಅಭಿಯಾನ ಮಾರ್ಗಸೂಚಿ ಹಾಕಿತ್ತು. ಅದಕ್ಕೂ ಮೊದಲೇ, 2010ರಲ್ಲಿ, ಸುಪ್ರೀಂ ಕೋರ್ಟ್ ನಗರಗಳ ವಸತಿರಹಿತರ ವಿಷಯದಲ್ಲಿ ಆದೇಶ ಕೊಟ್ಟಿತ್ತು. ನಿಮ್ಮೂರಿನಲ್ಲಿ ಅಂಥ ವಸತಿ ಇದ್ದರೆ ರಾತ್ರಿ ಹನ್ನೊಂದಕ್ಕೆ ಒಮ್ಮೆ ಹೋಗಿ ಬಾಗಿಲು ತಟ್ಟಿನೋಡಿ. ತೆರೆಯುತ್ತಾರಾ? ಆಧಾರ್ ಇಲ್ಲದವರನ್ನು ಒಳಗೆ ಬಿಡುತ್ತಾರಾ? ಗಂಡ, ಹೆಂಡತಿ, ಮಗು ಒಟ್ಟಿಗೆ ಇರಲು ಜಾಗವಿದೆಯಾ? ತಳ್ಳುಗಾಡಿ ನಿಲ್ಲಿಸಲು, ಗಂಟಿಡಲು ಬೀಗದ ಕಪಾಟು? ಬೆಳಗಿನ ಮೂರಕ್ಕೆ ಮಾರುಕಟ್ಟೆಗೆ ಹಮಾಲಿ ಕೆಲಸಕ್ಕೆ ಹೋಗುವವರನ್ನು ಆ ಹೊತ್ತಿಗೆ ಹೊರಗೆ ಬಿಡುತ್ತಾರಾ? ಒಳಗೆ ಹಾಸಿಗೆ ಖಾಲಿ ಇದ್ದೂ ಹೊರಗೆ ಫುಟ್‌ಪಾತಿನಲ್ಲಿ ಜನ ಮಲಗಿದ್ದರೆ, ಈ ಪ್ರಶ್ನೆಗಳಲ್ಲಿ ಯಾವುದೋ ಒಂದಕ್ಕೆ ಉತ್ತರ ‘ಇಲ್ಲ’ ಎಂದಿರುತ್ತದೆ. ಯಾವುದು ಎಂದು ಹೊರಗೆ ಮಲಗಿದವರನ್ನೇ ಕೇಳಿ, ಅರ್ಜಿಯಲ್ಲಿ ಅದೊಂದನ್ನೇ ಬರೆದು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ. ಹಾಗೆ ಸೆಪ್ಟೆಂಬರಿನಲ್ಲಿ ಕೊಟ್ಟ ಅರ್ಜಿಗೆ ಡಿಸೆಂಬರಿನೊಳಗೆ ಬೀಗದ ಕಪಾಟಾದರೂ ಬಂದೀತು. ಡಿಸೆಂಬರಿನಲ್ಲಿ ಕೊಟ್ಟರೆ ಬೇಸಿಗೆಗೆ.